2021ರ ಸ್ವಿಫ್ಟ್: ಎಂಜಿನ್ ಮತ್ತು ಶ್ರೇಣಿಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ:
ನಾನು ನೋಡಿರುವ ಮಾರುತಿ ಸ್ವಿಫ್ಟ್ ಪೆಟ್ರೋಲ್ ಕಾರು 2021ರಲ್ಲಿ ನೋಂದಣಿಯಾಗಿದೆ. ಮಾರಾಟಗಾರರು ಅದನ್ನು ಹೊಸ ಎಂಜಿನ್ ಇರುವ ಝಡ್ಎಕ್ಸ್ಐ ಶ್ರೇಣಿಯ ಕಾರು ಎನ್ನುತ್ತಿದ್ದಾರೆ. ಆರ್‌ಸಿಯಲ್ಲಿ 1197 ಸಿಸಿ ಎಂದಿದೆ. ಇಷ್ಟನ್ನೇ ನಂಬಬಹುದೇ?

ಉತ್ತರ 1:
ನಂಬಬೇಡಿ ಸರ್. 83 ಪಿಎಸ್ ಶಕ್ತಿಯ ಹಳೆಯ ಕೆ12ಎಂ ಎಂಜಿನ್ ಮತ್ತು 90 ಪಿಎಸ್‌ನ ಹೊಸ ಡ್ಯುಯಲ್‌ಜೆಟ್ ಕೆ12ಎನ್ ಎಂಜಿನ್ ಎರಡೂ 1197 ಸಿಸಿಯವೇ ಆಗಿರುವುದರಿಂದ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಹೊಸ ಎಂಜಿನ್ ಬಂದದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ತಯಾರಾದ ಕಾರು ತಡವಾಗಿ ನೋಂದಣಿಯಾಗಿರಬಹುದು. ಆದ್ದರಿಂದ ಆರ್‌ಸಿಯಲ್ಲಿ ನೋಂದಣಿಯ ದಿನಾಂಕಕ್ಕಿಂತ ತಯಾರಿಕೆಯ ತಿಂಗಳನ್ನು ನೋಡಿ, ಎಂಜಿನ್ ಸಂಖ್ಯೆಯ ಮೊದಲ ಅಕ್ಷರಗಳನ್ನು (ಕೆ12ಎಂ ಅಥವಾ ಕೆ12ಎನ್) ಓದಿ, ಬಾನೆಟ್ ತೆರೆದು ಎಂಜಿನ್ ಮೇಲೆ ಕೊರೆದಿರುವ ಸಂಖ್ಯೆಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು, ಕ್ಲಚ್ ಒತ್ತಿದಾಗ ಮತ್ತೆ ಚಾಲೂ ಆಗುವ ವ್ಯವಸ್ಥೆಯೂ ಹೊಸದರ ಗುರುತು.

ಉತ್ತರ 2:
ಶ್ರೇಣಿಯ ವಿಷಯದಲ್ಲಿ ಅಲಾಯ್ ಚಕ್ರಗಳಿಗೂ ಹಿಂಬದಿಯ ಬ್ಯಾಡ್ಜ್‌ಗೂ ಬೆಲೆ ಕೊಡಬೇಡಿ; ಝಡ್ಎಕ್ಸ್ಐಗಿಂತ ಕೆಳಗಿನ ಶ್ರೇಣಿಯಾದ ವಿಎಕ್ಸ್ಐ ಕಾರಿಗೆ ಅವನ್ನು ಹೊರಗಿನಿಂದ ಹಾಕಿಸುವುದು ಬಹಳ ಸುಲಭ. ಗುಂಡಿ ಒತ್ತಿ ಚಾಲೂ ಮಾಡುವ ವ್ಯವಸ್ಥೆ ಮತ್ತು ಸ್ವಯಂಚಾಲಿತ ಎಸಿ ಕಂಪನಿಯಿಂದಲೇ ಬಂದಿವೆಯೇ ಎಂಬುದನ್ನು ಪರೀಕ್ಷಿಸಿ. ಗುಂಡಿಯ ಸುತ್ತಲಿನ ಪ್ಲಾಸ್ಟಿಕ್‌ನಲ್ಲಿ ಕತ್ತರಿಸಿದ ಗುರುತಿದ್ದರೆ ಅನುಮಾನಿಸಲೇಬೇಕು. ಮೊದಲ ವರ್ಷದ ವಿಮಾ ಪಾಲಿಸಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಕಾರಿನ ಘೋಷಿತ ಮೌಲ್ಯ ಶ್ರೇಣಿಯನ್ನು ಅವಲಂಬಿಸಿರುವುದರಿಂದ ಅದರಲ್ಲಿ ಶ್ರೇಣಿಯ ಹೆಸರನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಮುಂಗಡ ಕೊಡುವುದು ಇವೆಲ್ಲವೂ ಹೊಂದಿದ ಮೇಲಷ್ಟೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಾಲಿಸಿಯ ಪ್ರತಿಯನ್ನು ಕೇಳಿದ್ದೇನೆ.