ಆರ್‌ಓ ನೀರಿನ ಟಿಡಿಎಸ್ 40ರಿಂದ 300ಕ್ಕೆ ಏರಿಸಿದ್ದಾರೆ. ಬೋರ್ ನೀರಿಗೆ ಇದು ಸರಿಯೇ?

ಚಿಂತಾಮಣಿ_ಮನೆ

ಚಿಂತಾಮಣಿ ಕಡೆಯ ಮನೆ, ಪೂರ್ತಿ ಬೋರ್‌ವೆಲ್ ನೀರು. ಲ್ಯಾಬ್ ವರದಿ ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ: ಟಿಡಿಎಸ್ (ಕರಗಿರುವ ಒಟ್ಟು ಲವಣ) 820, ಗಡಸುತನ 480, ಫ್ಲೋರೈಡ್ 2.8, ನೈಟ್ರೇಟ್ 110. ಮನೆಯಲ್ಲಿರುವುದು ಆರ್‌ಓ-ಯುವಿ ಮಶೀನು, 8 ಲೀಟರ್ ಟ್ಯಾಂಕು. ಫಿಲ್ಟರ್ ಆದ ನೀರಿನ ಟಿಡಿಎಸ್ 40 ಇತ್ತು. ಸರ್ವಿಸ್‌ನವರು "ಇಷ್ಟು ಕಮ್ಮಿ ಇದ್ರೆ ಮೂಳೆಗೆ ಒಳ್ಳೇದಲ್ಲ" ಎಂದು ಒಳಗಿನ ಸ್ಕ್ರೂ ತಿರುಗಿಸಿ 300ಕ್ಕೆ ಇಟ್ಟಿದ್ದಾರೆ. 500ರ ಒಳಗೇ ಇದೆಯಲ್ಲ, ಕುಡಿಯಬಹುದೇ? ಬೇಕಾದರೆ ಕುದಿಸಿಕೊಂಡರೆ ಸಾಕೇ? ಇನ್ನೊಂದು: ಮನೆಗೆ ಬೀಗ ಹಾಕಿ ಹೋಗಿ ಬಂದಾಗ ನೀರಿಗೆ ಮುಗ್ಗಲು ವಾಸನೆ ಬರುತ್ತದೆ. ಯುವಿ ಲೈಟ್ ಉರಿಯುತ್ತಿದ್ದರೆ ಚಿಂತೆ ಇಲ್ಲವೇ?

ನೀರಿನ_ಲೆಕ್ಕ

ಆ ಸ್ಕ್ರೂ ಮೊದಲು ಮುಚ್ಚಿಸಿ. ಅದು ಟಿಡಿಎಸ್ ಕಂಟ್ರೋಲರ್. ಅದರಿಂದ ಖನಿಜವೇನೂ ಹೊಸದಾಗಿ ಸೇರುವುದಿಲ್ಲ, ಮೆಂಬ್ರೇನ್ (ಲವಣ ತಡೆಯುವ ಪೊರೆ) ದಾಟದ ಬೋರ್ ನೀರನ್ನೇ ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುತ್ತದೆ.

ನಿಮ್ಮ ಅಂಕಿಗಳಿಂದಲೇ ಲೆಕ್ಕ ಹಾಕೋಣ. 40ರ ನೀರಿಗೆ 820ರ ನೀರು ಬೆರೆಸಿ 300 ಬರಬೇಕಾದರೆ ಮೂರರಲ್ಲಿ ಒಂದು ಪಾಲು ಬೋರ್ ನೀರೇ ಇರಬೇಕು. ಮೆಂಬ್ರೇನ್ ಫ್ಲೋರೈಡನ್ನು ಸುಮಾರು ಶೇ 90ರಷ್ಟು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಅದರ ನೀರಿನಲ್ಲಿ ಉಳಿಯುವುದು 0.28. ಬೆರೆಸಿದ ಮೇಲೆ 1.1 ದಾಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಇರಬೇಕಾದ್ದು 1.0ರ ಒಳಗೆ, ಬೇರೆ ನೀರೇ ಸಿಗದ ಕಡೆ ಮಾತ್ರ 1.5. ನೈಟ್ರೇಟ್ ಫ್ಲೋರೈಡ್‌ಗಿಂತ ಸುಲಭವಾಗಿ ನುಸುಳುತ್ತದೆ. ಶೇ 85ರಷ್ಟು ತಡೆದರೂ 16 ಉಳಿಯುತ್ತದೆ, ಬೆರೆಸಿದರೆ 47-48. ಮಿತಿ 45, ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಆರು ತಿಂಗಳೊಳಗಿನ ಮಗು ಇದ್ದರೆ ಈ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬೇಡಿ. ನೈಟ್ರೇಟ್ ಹೆಚ್ಚಾದರೆ ಮಗುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ, ಮೈ ನೀಲಿಗಟ್ಟುತ್ತದೆ.

ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡೂ ನೈಟ್ರೇಟೂ ಹಾಗೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಲೀಟರಿಗೆ ಅವುಗಳ ಪ್ರಮಾಣ ಏರುತ್ತದೆ.

500 ಎಂಬುದು ಒಟ್ಟು ಲವಣಕ್ಕೆ ಇಟ್ಟ ಮಿತಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ವಿದ್ಯುತ್ ಹರಿಯುವುದನ್ನು ಅಳೆದು ಅಂದಾಜು ಕೊಡುತ್ತದೆ. ಆ ಲವಣದಲ್ಲಿ ಯಾವುದು ಎಷ್ಟಿದೆ ಎಂದು ಅದು ಹೇಳಲಾರದು, ಕ್ರಿಮಿಯಂತೂ ಅದಕ್ಕೆ ಕಾಣುವುದೇ ಇಲ್ಲ.

ಮುಚ್ಚುವ ಕ್ರಮ: ಮೆಂಬ್ರೇನ್ ಹೌಸಿಂಗ್ ಪಕ್ಕದ ಸಣ್ಣ ಪೈಪಿನ ಮೇಲೆ ಆ ಸ್ಕ್ರೂ ಇರುತ್ತದೆ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ. ಮೀಟರ್ ಇಳಿಯುತ್ತಿದೆಯೇ ನೋಡಿಕೊಂಡೇ ತಿರುಗಿಸಿ. ಟ್ಯಾಂಕಿನಲ್ಲಿರುವ ನೀರು ಪೂರ್ತಿ ಚೆಲ್ಲಿ. ಪಂಪ್ ಹತ್ತು ನಿಮಿಷ ಓಡಿದ ಮೇಲೆ, ಟ್ಯಾಂಕಿಗೆ ಬೀಳುವ ಪೈಪಿನ ತುದಿಯಲ್ಲೇ ಅಳೆಯಿರಿ. ಮಶೀನು ನಿಂತಿದ್ದಾಗ ಲವಣ ನಿಧಾನವಾಗಿ ಮೆಂಬ್ರೇನ್ ದಾಟಿರುತ್ತದೆ, ಹಾಗಾಗಿ ಶುರುವಿನಲ್ಲಿ ಬರುವ ನೀರಿನ ಅಂಕಿ ನಂಬಬಾರದು.

ಟ್ಯಾಂಕ್_ತೊಳೆಯಿರಿ

ವಾಸನೆಯ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಮಶೀನುಗಳಲ್ಲಿ ಯುವಿ ಇರುವುದು ಟ್ಯಾಂಕಿಗಿಂತ ಮೊದಲು. ನೀರು ದೀಪದ ಮುಂದೆ ಹಾಯುವ ಆ ಕ್ಷಣದಲ್ಲಷ್ಟೇ ಅದರ ಕೆಲಸ. ಕ್ಲೋರಿನ್ ಇದ್ದರೂ ಕಾರ್ಬನ್ ಫಿಲ್ಟರ್ ಅದನ್ನು ಹೀರಿಬಿಡುತ್ತದೆ. ಅಂದರೆ ಟ್ಯಾಂಕಿನಲ್ಲಿ ನಿಂತ ನೀರಿಗೆ ಕಾವಲೇ ಇಲ್ಲ. ನಲ್ಲಿಯ ಬಾಯಿಂದ, ಮುಚ್ಚಳದ ಸಂದಿನಿಂದ ಕ್ರಿಮಿ ಸೇರಿ ಗೋಡೆಗೆ ಲೋಳೆ ಕಟ್ಟುತ್ತವೆ.

ಮೂರು ತಿಂಗಳಿಗೊಮ್ಮೆ, ಬೀಗ ತೆಗೆದ ದಿನವೂ, ಹೀಗೆ ಮಾಡಿ. ಪ್ಲಗ್ ತೆಗೆಯಿರಿ, ನೀರು ಬರುವ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ. ಒಳಗೋಡೆ ಮತ್ತು ಫ್ಲೋಟ್ ಅನ್ನು ಹೊಸ ಸ್ಪಂಜಿನಿಂದ ಉಜ್ಜಿ. ಶೇ 4ರ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ), ಪರಿಮಳ ಬೆರೆಸದ್ದು, 8 ಲೀಟರಿಗೆ 10 ಮಿ.ಲೀ. ಹಾಕಿದರೆ ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಆಗುತ್ತದೆ. ನಲ್ಲಿಯಿಂದ ಒಂದು ಲೋಟ ಬಿಟ್ಟು, ಅರ್ಧ ಗಂಟೆ ಇಟ್ಟು ಚೆಲ್ಲಿ. ಆಮೇಲೆ ಎರಡು ಟ್ಯಾಂಕ್ ನೀರು ತುಂಬಿಸಿ ಚೆಲ್ಲಿ. ಈ ದ್ರಾವಣ ಟ್ಯಾಂಕಿಗೆ ಮಾತ್ರ. ಮೆಂಬ್ರೇನಿಗೆ ಹೋದರೆ ಅದರ ಪದರವೇ ಹಾಳು. ಟ್ಯಾಂಕಿಗೂ ನಲ್ಲಿಗೂ ನಡುವೆ ಕಾರ್ಟ್ರಿಜ್ ಇದ್ದರೆ ಮೊದಲೇ ಬಿಚ್ಚಿಡಿ.

ಯುವಿ ದೀಪ ನೀಲಿ ಬೆಳಕು ಕೊಡುತ್ತಲೇ ಇರುತ್ತದೆ, ಆದರೆ ಕ್ರಿಮಿ ಕೊಲ್ಲುವ ಕಿರಣ ಸುಮಾರು 8,000 ಗಂಟೆ ಉರಿದ ಮೇಲೆ ಕುಗ್ಗಿರುತ್ತದೆ. ದೀಪದ ಸುತ್ತಲಿನ ಸ್ಫಟಿಕ ಕೊಳವೆಯ ಮೇಲೆ ಕರೆ ಕಟ್ಟಿದರೆ ಅದಕ್ಕೂ ಮೊದಲೇ ಕುಗ್ಗುತ್ತದೆ. ಬರಿಗಣ್ಣಿನಿಂದ ನೇರ ನೋಡಬೇಡಿ.

ಚಿಂತಾಮಣಿ_ಮನೆ

ಸ್ಕ್ರೂ ಮುಚ್ಚಿದೆ, ಈಗ 42 ತೋರಿಸುತ್ತಿದೆ. ಆದರೆ ಮನೆಯವರಿಗೆಲ್ಲ ನೀರು ಸಪ್ಪೆ. ಅಮ್ಮ ತಾಮ್ರದ ಬಿಂದಿಗೆಯಲ್ಲಿ ತುಂಬಿಡುತ್ತಾರೆ, ಅದು ಪರವಾಗಿಲ್ಲವೇ? ಮೆಂಬ್ರೇನ್ ಯಾವಾಗ ಬದಲಿಸಬೇಕು?

ಕೊಳವೆಬಾವಿ_ಕಡತ

ಸಪ್ಪೆ ಎನಿಸಿದರೆ ಕ್ಯಾಲ್ಸೈಟ್ ಕಾರ್ಟ್ರಿಜ್ ಹಾಕಿಸಿ. ಸುಣ್ಣಕಲ್ಲಿನ ಹರಳು ಸ್ವಲ್ಪ ಕರಗಿ ಕ್ಯಾಲ್ಸಿಯಂ ಸೇರುತ್ತದೆ, ಪಿಎಚ್ ಏರುತ್ತದೆ, ಫ್ಲೋರೈಡ್ ವಾಪಸ್ ಬರುವುದಿಲ್ಲ. ಮೂಳೆಯ ಚಿಂತೆಗೆ ಊಟವೇ ದೊಡ್ಡ ಮೂಲ: 100 ಗ್ರಾಂ ರಾಗಿಹಿಟ್ಟಿನಲ್ಲಿ 300 ಮಿ.ಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಫ್ಲೋರೈಡ್ ಹೆಚ್ಚಿರುವ ನೀರು ವರ್ಷಗಟ್ಟಲೆ ಕುಡಿದರೆ ಹಾಳಾಗುವುದೂ ಅದೇ ಮೂಳೆ.

ತಾಮ್ರದ ಬಿಂದಿಗೆ ಬೇಡ. ಇಂಗಾಲದ ಡೈಆಕ್ಸೈಡ್ ಮೆಂಬ್ರೇನ್ ದಾಟಿ ಬರುತ್ತದೆ, ಅದರಿಂದಾಗುವ ಆಮ್ಲತೆಯನ್ನು ತಡೆಯುವ ಲವಣ ಇರುವುದಿಲ್ಲ, ಹಾಗಾಗಿ ಆರ್‌ಓ ನೀರು ತುಸು ಆಮ್ಲೀಯ. ಅಂಥ ನೀರು ತಾಮ್ರವನ್ನು ಹೆಚ್ಚು ಕರಗಿಸುತ್ತದೆ. ಸ್ಟೀಲ್ ಸಾಕು.

ಮೆಂಬ್ರೇನಿಗೆ ಕ್ಯಾಲೆಂಡರ್ ನೋಡಬೇಡಿ, ಅಂಕಿ ನೋಡಿ. ಒಳಬರುವ ಟಿಡಿಎಸ್‌ನಿಂದ ಹೊರಬರುವುದನ್ನು ಕಳೆದು, ಒಳಬರುವುದರಿಂದ ಭಾಗಿಸಿ 100ರಿಂದ ಗುಣಿಸಿ. ನಿಮ್ಮದು ಈಗ ಶೇ 95. ನೈಟ್ರೇಟ್ ಇಷ್ಟಿರುವಾಗ ಶೇ 85ಕ್ಕೆ ಇಳಿಯುವವರೆಗೆ ಕಾಯಬೇಡಿ, 90ಕ್ಕೆ ಬಂದಾಗಲೇ ಬದಲಿಸಿ. ಹೊಸದು ಹಾಕಿದಾಗ ಮೊದಲ ಎರಡು ಟ್ಯಾಂಕ್ ಚೆಲ್ಲಿ, ಅದರಲ್ಲಿ ಕೆಡದಂತೆ ಹಾಕಿದ ರಾಸಾಯನಿಕ ಇರುತ್ತದೆ.

ಗಡಸುತನ 480 ಇರುವುದರಿಂದ ವೇಸ್ಟ್ ಪೈಪನ್ನೂ ಗಮನಿಸಿ. ಒಂದು ನಿಮಿಷ ಎರಡೂ ಪೈಪನ್ನು ಬೇರೆ ಬೇರೆ ಲೋಟಕ್ಕೆ ಹಿಡಿಯಿರಿ. ವೇಸ್ಟ್ ನೀರು ಶುದ್ಧ ನೀರಿನ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಫ್ಲೋ ರಿಸ್ಟ್ರಿಕ್ಟರ್ (ವೇಸ್ಟ್ ನೀರಿನ ಹರಿವನ್ನು ಹಿಡಿದಿಡುವ ಸಣ್ಣ ಭಾಗ) ಕಟ್ಟಿಕೊಳ್ಳುತ್ತಿರಬಹುದು, ಮೆಂಬ್ರೇನ್ ಮೇಲೆ ಬೇಗ ಸುಣ್ಣ ಕೂರುತ್ತದೆ. ಆ ವೇಸ್ಟ್ ನೀರಿನ ಟಿಡಿಎಸ್ 1,200ರ ಆಸುಪಾಸು. ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ, ಕುಂಡದ ಗಿಡಕ್ಕೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರುತ್ತದೆ.

ನಿಮ್ಮ ವರದಿ ಬೋರ್ ನೀರಿನದು. ಜಲ ಜೀವನ್ ಮಿಷನ್‌ನ ಜಿಲ್ಲಾ ಪ್ರಯೋಗಾಲಯದಲ್ಲಿ ಮಶೀನಿನ ನಲ್ಲಿ ನೀರನ್ನೂ ಕೊಡಿ. ಫ್ಲೋರೈಡ್, ನೈಟ್ರೇಟ್, ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಪರೀಕ್ಷೆ ಕೇಳಿ, ನಿಮ್ಮ ಭಾಗಕ್ಕೆ ಯುರೇನಿಯಂ ಕೂಡ. ಇ. ಕೋಲಿಗೆ ಅವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ನಲ್ಲಿ ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಒಂದೆರಡು ನಿಮಿಷ ನೀರು ಬಿಟ್ಟು ಹಿಡಿಯಿರಿ, ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ತಲುಪಿಸಿ. ಟ್ಯಾಂಕ್ ತೊಳೆದ ಮರುದಿನವೇ ಕೊಡಬೇಡಿ, ಒಂದು ವಾರ ಬಳಸಿದ ಮೇಲೆ ಕೊಡಿ.