ದೂರದರ್ಶನ ಬಂದ್ ಅಂತೆ!

(ನಮ್ಮ ಮನೆತನದ ಗುಂಪು, ಬಾಗಲಕೋಟೆ. ಹೆಸರು ಬದಲಿಸಿದ್ದೇನೆ, ಜಗಳ ಬದಲಿಸಿಲ್ಲ.)

ಶಿವಪ್ಪ ಕಾಕಾ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಬ್ರೇಕಿಂಗ್!! ಯೂಟ್ಯೂಬ್ ಮುಂದೆ ಸೋತ ಸರ್ಕಾರಿ ಟಿವಿ! ದೂರದರ್ಶನ ಕಾಯಂ ಬಂದ್! ಎಲ್ಲರಿಗೂ ಕಳಿಸಿ!!

ಸುಮಾ ವೈನಿ: ಅಯ್ಯೋ ಪಾಪ

ವಿನಾಯಕ: ಕಾಕಾ, ಯಾವ ಪೇಪರಿನಲ್ಲಿ ಬಂದಿದೆ? ಇದು 2021ರ ಗಾಳಿಸುದ್ದಿ. ಆಗ ನಿಲ್ಲಿಸುತ್ತಿದ್ದದ್ದು ಮನೆ ಆಂಟೆನಾಗೆ ಸಿಗ್ನಲ್ ಕಳಿಸುವ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು. ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಅಂತ ಸುದ್ದಿ ಹಬ್ಬಿ, ಸುಳ್ಳು ಅಂತ ದೂರದರ್ಶನ ನಡೆಸುವ ಪ್ರಸಾರ ಭಾರತಿಯೇ ಹೇಳಿತ್ತು. 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ಸ್ವಂತ ಆ್ಯಪ್ ಕೂಡ ತಂದಿದ್ದಾರೆ.

ಶಿವಪ್ಪ ಕಾಕಾ: ನಾನು ಬರೆದದ್ದಲ್ಲಪ್ಪ. ಬಂದದ್ದನ್ನು ಕಳಿಸಿದೆ.

ದೊಡ್ಡಪ್ಪ: ಮೊಬೈಲ್ ಬಂದು ಸಂಸ್ಕಾರ ಹೋಯಿತು. ಮೊದಲು ಮನೆಮಂದಿ ಎಲ್ಲ ಕೂಡಿ ಕುಳಿತು ನೋಡುತ್ತಿದ್ದೆವು.

(ಜೊತೆಗೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್. ಹಿಂದೆ ಯೂಟ್ಯೂಬ್ ಭಜನೆ ಕೇಳಿಸುತ್ತಿತ್ತು.)

ವಿನಾಯಕ: ಸರ್ಕಾರಿ ಟಿವಿ ಒಂದೇ ಅಲ್ಲ, ಖಾಸಗಿಯವರದೂ ಇದೇ ಪಾಡು. 2023–27ರ ಐಪಿಎಲ್ ಹಕ್ಕು ಭಾರತದಲ್ಲಿ ಟಿವಿಗೆ 23,575 ಕೋಟಿಗೆ ಹೋಯಿತು, ಆನ್‌ಲೈನ್‌ಗೆ 23,758 ಕೋಟಿಗೆ. ಜಾಹೀರಾತಿನವರು ನೋಡುವವರ ಹಿಂದೆಯೇ ಹೋಗುತ್ತಾರೆ, ಅಲ್ವಾ?

ಸುಮಾ ವೈನಿ: ಐಪಿಎಲ್ ಅಂದ ಕೂಡಲೇ ನೆನಪಾಯಿತು. ನಮ್ಮ ಹಾಟ್‌ಸ್ಟಾರ್ ಪಾಸ್‌ವರ್ಡ್ ಯಾರು ಬದಲಿಸಿದರು? ದುಡ್ಡು ಕಟ್ಟುವವರು ನಾವು.

(ಈ ಪ್ರಶ್ನೆಯನ್ನು ಹನ್ನೊಂದು ಮಂದಿ ಓದಿದರು. ಉತ್ತರವಿಲ್ಲ.)

ಮಂಜು: ಏನೇ ಅನ್ನಿ, 1988ರಲ್ಲಿ ಮಹಾಭಾರತ ಶುರುವಾದಾಗಿನ ಮಜಾ ಈಗಿಲ್ಲ. ಹಳೇ ಊರಿನ ಮನೆ, ಮಾಳಿಗೆ ಮೇಲೆ ಆಂಟೆನಾ ತಿರುಗಿಸುತ್ತಾ ನಾನು, ಕೆಳಗಿನಿಂದ "ಬಂತು, ಬಂತು... ಹೋಯಿತು" ಅಂತ ಕಾಕಾ! ಆ ಶಟರ್ ಇದ್ದ ಟಿವಿ ಎಲ್ಲಿದೆ ಈಗ?

(ಕೇಳಬಾರದ್ದನ್ನು ಕೇಳಿದ.)

ಶಿವಪ್ಪ ಕಾಕಾ: ಆಲಮಟ್ಟಿ ಡ್ಯಾಮಿನ ಮುಳುಗಡೆಯಲ್ಲಿ ಮನೆ ಬಿಟ್ಟಾಗ ಯಾರು ಒಯ್ದರೋ ಅವರನ್ನು ಕೇಳು.

ದೊಡ್ಡಪ್ಪ: ಶಿವಪ್ಪ, ಗುಂಪಿನಲ್ಲಿ ಬೇಡ.

ಶಿವಪ್ಪ ಕಾಕಾ: ಪರಿಹಾರದ ದುಡ್ಡು ಹಂಚಿದಾಗಲೂ ನೀನು ಹೀಗೇ "ಬೇಡ" ಅಂದಿದ್ದೆ, ಅಣ್ಣಾ.

ವಿನಾಯಕ: ಆ ಫಾರ್ವರ್ಡ್ ಡಿಲೀಟ್ ಮಾಡಿ ಕಾಕಾ, ಸುಮ್ನೆ ಇನ್ನೂ ನಾಲ್ಕು ಜನರಿಗೆ ಹೋಗುತ್ತೆ.

ಶಿವಪ್ಪ ಕಾಕಾ: ನೀನು ನಡುವೆ ಬರಬೇಡ.

ಗಂಗಾ ಅತ್ತೆ: ಟಿವಿ ನಮ್ಮ ಅಟ್ಟದ ಮೇಲಿದೆ. ಬೇಕಾದವರು ಬಂದು ಒಯ್ಯಿರಿ. ಸ್ಟ್ಯಾಂಡ್ ಕೊಡುವುದಿಲ್ಲ.

ಶಿವಪ್ಪ ಕಾಕಾ: ಸ್ಟ್ಯಾಂಡ್ ಮಾಡಿಸಿದ್ದು ನಾನು!