ಸಹಾಯ ಬೇಕು: ಹಳೆಯ ಕಿಮೊನೊದ ತೋಳು ಗಿಡ್ಡವಾಗಿದೆ
ಎಲ್ಲರಿಗೂ ನಮಸ್ಕಾರ. ಒಸಾಕಾದಲ್ಲಿದ್ದೇನೆ. ಕ್ಯೋಟೋದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ರಂದು ನಡೆಯುವ ಸಂತೆಯಲ್ಲಿ ಹಳೆಯ ರೇಷ್ಮೆ ಕಿಮೊನೊ ಒಂದನ್ನು ಕೊಂಡೆ. ಸಹೋದ್ಯೋಗಿಯ ಮದುವೆಗೆ ಉಡಬೇಕೆಂಬ ಆಸೆ. ಉದ್ದದ ಚಿಂತೆಯಿಲ್ಲ, ಹೆಚ್ಚಾದದ್ದನ್ನು ಸೊಂಟದಲ್ಲಿ ಮಡಿಸಿ ಕಟ್ಟಿದರಾಯಿತು. ತೊಂದರೆಯಿರುವುದು ‘ಯುಕಿ’ಯಲ್ಲಿ, ಅಂದರೆ ಕತ್ತಿನ ಹಿಂಬದಿಯ ಮೂಳೆಯಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗಿನ ಅಳತೆಯಲ್ಲಿ. ನನ್ನದು 67 ಸೆಂ.ಮೀ., ಕಿಮೊನೊದ್ದು 63. ಕೈ ಚಾಚಿದರೆ ಮಣಿಕಟ್ಟು ಬೋಳುಬೋಳು.

ಕಿಮೊನೊ ಹೊಲಿಯುವವರು ಹೆಚ್ಚಿನ ಬಟ್ಟೆಯನ್ನು ಕತ್ತರಿಸದೆ ಹೊಲಿಗೆಯೊಳಗೇ ಮಡಿಸಿಡುತ್ತಾರೆ. ಬೆರಳಾಡಿಸಿ ನೋಡಿದೆ, ತೋಳು ಕೂಡುವ ಕಡೆ ದಪ್ಪಗೆ ಸಿಗುತ್ತದೆ. ಅದನ್ನು ಬಿಚ್ಚಿಸಿ ಅಗಲಿಸಿದರೆ ಹಳೆಯ ಮಡಿಕೆಯ ಗೆರೆಯೂ ಒಳಗಿದ್ದ ಮಾಸದ ಬಣ್ಣವೂ ಪಟ್ಟಿಯಂತೆ ಎದ್ದು ಕಾಣುತ್ತವೆಯೇ? ಹೀಗೆ ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ, ಎಷ್ಟು ದಿನ ಹಿಡಿಯಿತು ಎಂಬುದನ್ನೂ ಹೇಳಿ. ಇಡೀ ಉಡುಪನ್ನು ಬಿಚ್ಚಿ, ತೊಳೆದು, ಮತ್ತೆ ಹೊಲಿಸುವಷ್ಟು ಸಮಯವಿಲ್ಲ. ಮದುವೆಗೆ ಐದು ವಾರವಷ್ಟೇ ಇದೆ.

‘ಯುಕಾತಾ ಉಟ್ಟು ಹೋಗು’ ಎನ್ನಬೇಡಿ. ಅದು ಬೇಸಿಗೆಯ ಹತ್ತಿ ಉಡುಪು, ಮದುವೆಗೆ ಒಪ್ಪುವುದಿಲ್ಲ. ಎಡಭಾಗ ಬಲದ ಮೇಲೆ ಬರಬೇಕೆಂಬುದೂ ಗೊತ್ತು; ತಿರುವುಮುರುವಾದರೆ ಶವಕ್ಕೆ ಉಡಿಸಿದಂತಾಗುತ್ತದೆ!